ಕಾಲೇಜು ಫುಟ್ಬಾಲ್: ಹೊಸ ಋತುವಿನ ನಿರೀಕ್ಷೆ ಮತ್ತು ನನ್ನಿವಾಳದ ಪ್ರಶ್ನೆ

ಕರಾವಳಿಯಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದರೆ ಸಾಕು, ಕಾಲೇಜು ಮೈದಾನಗಳಲ್ಲಿ ಚೆಂಡಿನ ಸದ್ದು ಕೇಳಲು ಆರಂಭವಾಗುತ್ತದೆ. ಆಗಸ್ಟ್ ತಿಂಗಳಲ್ಲಿ ಮಂಗಳೂರಿನ ನೆಹರೂ ಮೈದಾನದಲ್ಲಿ ಶಾಲಾ-ಕಾಲೇಜು ತಂಡಗಳಿಗಾಗಿ ಸ್ವಾತಂತ್ರ್ಯೋತ್ಸವ ಕಪ್ ಪಂದ್ಯಾವಳಿ. ಅದರ ಬೆನ್ನಿಗೆ ವಿಶ್ವವಿದ್ಯಾನಿಲಯ ಮಟ್ಟದ ಅಂತರ ಕಾಲೇಜು ಪಂದ್ಯಗಳು. ಭಾನುವಾರದ ಪೂಜೆ ಮುಗಿದು ಚರ್ಚ್ ಅಂಗಳದಲ್ಲಿ ನಾಲ್ಕು ಮಂದಿ ನಿಂತಾಗ, ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗನಿರುವವರು ಯಾರಾದರೂ ಕೇಳಿಯೇ ಕೇಳುತ್ತಾರೆ: ಈ ಸಲ ನಮ್ಮ ಕಾಲೇಜಿನ ತಂಡ ಹೇಗಿದೆ? ಕಪ್ ಬರುತ್ತದೆಯೇ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಆಟಗಾರರ ಹೆಸರುಗಳ ಪಟ್ಟಿಯಿಂದ ಉತ್ತರ ಕೊಡುತ್ತೇವೆ. ಮುನ್ನಡೆ ಆಟಗಾರ ಯಾರು, ಗೋಲಿ ಯಾರು, ಕಳೆದ ವರ್ಷದವರು ಎಷ್ಟು ಮಂದಿ ಉಳಿದಿದ್ದಾರೆ ಎಂಬ ಲೆಕ್ಕ. ಆ ಲೆಕ್ಕ ತಪ್ಪಲ್ಲ, ಆದರೆ ಸಾಲದು. ತಂಡ ಕಾಲೇಜಿನಲ್ಲಿ ಕೂಡಿಕೊಳ್ಳುತ್ತದೆ, ಆಟಗಾರ ಮಾತ್ರ ಅದಕ್ಕಿಂತ ಎಂಟು ಹತ್ತು ವರ್ಷ ಮೊದಲೇ ತನ್ನ ಊರಿನ ಮೈದಾನದಲ್ಲಿ ತಯಾರಾಗಿರುತ್ತಾನೆ. ಇದನ್ನು ಕರಾವಳಿಯಲ್ಲಿ ನಿಂತು ನೋಡಿದರೆ ಅಷ್ಟು ಸ್ಪಷ್ಟವಾಗುವುದಿಲ್ಲ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನ ನನ್ನಿವಾಳದಂತಹ ಊರಿನಿಂದ ನೋಡಿದರೆ ಬಹಳ ಸ್ಪಷ್ಟವಾಗುತ್ತದೆ. ಆದುದರಿಂದ ಈ ಲೇಖನದಲ್ಲಿ ಮೊದಲು ನಮ್ಮ ಕಾಲೇಜುಗಳ ಪರಿಸ್ಥಿತಿಯನ್ನು ನೋಡಿ, ಬಳಿಕ ನನ್ನಿವಾಳಕ್ಕೆ ಹೋಗೋಣ.

ಒಂದೇ ಚರ್ಚಿನ ಹುಡುಗರು, ನಾಲ್ಕು ವಿಶ್ವವಿದ್ಯಾನಿಲಯ

ಹಿಂದೆ ಮಂಗಳೂರಿನ ಕಥೋಲಿಕ ಕಾಲೇಜುಗಳ ಹುಡುಗರೆಂದರೆ ಬಹುತೇಕ ಎಲ್ಲರೂ ಒಂದೇ ವಿಶ್ವವಿದ್ಯಾನಿಲಯದ ಆಟಗಾರರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಪದವಿ ಕಾಲೇಜುಗಳೆಲ್ಲ ಅದರ ಅಡಿಯಲ್ಲೇ ಆಡುತ್ತಿದ್ದವು. ಈಗ ಹಾಗಿಲ್ಲ. ಒಂದೇ ಚರ್ಚಿನ ನಾಲ್ವರು ಹುಡುಗರನ್ನು ತೆಗೆದುಕೊಳ್ಳಿ. ಒಬ್ಬ ಮಿಲಾಗ್ರಿಸ್ ಕಾಲೇಜಿಗೋ ಪುತ್ತೂರಿನ ಸಂತ ಫಿಲೋಮಿನಾ ಕಾಲೇಜಿಗೋ ಸೇರಿದರೆ ಅವನು ಮಂಗಳೂರು ವಿಶ್ವವಿದ್ಯಾನಿಲಯದ ಆಟಗಾರ. ಇನ್ನೊಬ್ಬ ವಾಮಂಜೂರಿನ ಸಂತ ಜೋಸೆಫ್ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದರೆ ಅವನು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದವನು. ಮೂರನೆಯವನು ಫಾದರ್ ಮುಲ್ಲರ್‌ನಲ್ಲಿ ವೈದ್ಯಕೀಯ ಓದಿದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಪಂದ್ಯಗಳಲ್ಲಿ ಆಡಬೇಕು. ನಾಲ್ಕನೆಯವನು ಸಂತ ಅಲೋಶಿಯಸ್‌ಗೆ ಸೇರಿದರೆ ಅವನ ದಾರಿಯೇ ಬೇರೆ.

1880ರಲ್ಲಿ ಯೇಸು ಸಭೆಯ ಗುರುಗಳು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯದ ಸ್ಥಾನ ಪಡೆಯಿತು. ಓದಿನ ಲೋಕದಲ್ಲಿ ಇದು ದೊಡ್ಡ ಗೌರವ. ಆಟದ ಲೋಕದಲ್ಲಿ ಇದರ ಅರ್ಥವೇನು ಎಂಬುದನ್ನು ಹೆಚ್ಚಿನವರು ಯೋಚಿಸಿಲ್ಲ. ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ. ಪರಿಗಣಿತ ವಿಶ್ವವಿದ್ಯಾನಿಲಯವು ಅಲ್ಲಿ ತನ್ನದೇ ತಂಡವನ್ನು ಕಳುಹಿಸುತ್ತದೆ. ಅಂದರೆ ಮೊದಲು ಅಲೋಶಿಯಸ್‌ನ ಒಬ್ಬ ಒಳ್ಳೆಯ ಆಟಗಾರ ತನ್ನ ಕಾಲೇಜಿಗಾಗಿ ಆಡಿ, ಆಯ್ಕೆಗಾರರ ಕಣ್ಣಿಗೆ ಬಿದ್ದು, ಎಲ್ಲ ಕಾಲೇಜುಗಳಿಂದ ಆರಿಸಿದ ಮಂಗಳೂರು ವಿಶ್ವವಿದ್ಯಾನಿಲಯ ತಂಡದಲ್ಲಿ ಸ್ಥಾನ ಗಿಟ್ಟಿಸಬೇಕಿತ್ತು. ಈಗ ಅವನ ಕಾಲೇಜು ತಂಡವೇ ವಿಶ್ವವಿದ್ಯಾನಿಲಯದ ತಂಡ. ಅವಕಾಶ ಹತ್ತಿರವಾಯಿತು, ಎದುರಾಳಿ ದೊಡ್ಡವನಾದ. ಎರಡು ಜಿಲ್ಲೆಗಳ ಕಾಲೇಜುಗಳಿಂದ ಹೆಕ್ಕಿದ ತಂಡಗಳ ಎದುರು ಒಂದೇ ಸಂಸ್ಥೆಯ ಹುಡುಗರು ನಿಲ್ಲಬೇಕು.

ದಕ್ಷಿಣ ವಲಯದಲ್ಲಿ ಎದುರಿಗೆ ಯಾರಿದ್ದಾರೆ? ಕಲ್ಲಿಕೋಟೆ, ಕಣ್ಣೂರು, ಕೇರಳ, ಮಹಾತ್ಮ ಗಾಂಧಿ ವಿಶ್ವವಿದ್ಯಾನಿಲಯಗಳು. ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಫುಟ್ಬಾಲ್‌ನ ಅಶುತೋಷ್ ಮುಖರ್ಜಿ ಟ್ರೋಫಿಯನ್ನು ಕಲ್ಲಿಕೋಟೆಯವರು ಹಲವು ಬಾರಿ ಮನೆಗೆ ಒಯ್ದಿದ್ದಾರೆ. ಇವರ ಜತೆಗೆ ತಮಿಳುನಾಡಿನ ತಂಡಗಳು, ಬೆಂಗಳೂರಿನ ಖಾಸಗಿ ವಿಶ್ವವಿದ್ಯಾನಿಲಯಗಳು. ಇತ್ತ ಮಂಗಳೂರು ವಿಶ್ವವಿದ್ಯಾನಿಲಯಕ್ಕೂ ನಷ್ಟವಿದೆ. ಅದರ ಆಯ್ಕೆಯ ಬುಟ್ಟಿಯಿಂದ ಒಂದು ದೊಡ್ಡ ಕಾಲೇಜು ಹೊರಗೆ ಹೋಗಿದೆ. ಒಟ್ಟಿನಲ್ಲಿ ಕರಾವಳಿಯ ಪ್ರತಿಭೆ ಈಗ ಹಲವು ತಂಡಗಳಲ್ಲಿ ಹಂಚಿಹೋಗಿದೆ. ಹಂಚಿಹೋದುದು ಸಾಕಾಗುವಷ್ಟು ಇದೆಯೇ ಎಂಬುದೇ ಈ ಋತುವಿನ ಮೊದಲ ಪ್ರಶ್ನೆ.

ಮೂರು ವರ್ಷದ ತಂಡ

ಕ್ಲಬ್ ತಂಡಕ್ಕೂ ಕಾಲೇಜು ತಂಡಕ್ಕೂ ಇರುವ ದೊಡ್ಡ ವ್ಯತ್ಯಾಸ ಕಾಲದ್ದು. 2021ರಲ್ಲಿ ಕರ್ನಾಟಕದಲ್ಲಿ ನಾಲ್ಕು ವರ್ಷಗಳ ಪದವಿ ಜಾರಿಗೆ ಬಂದಾಗ ಕ್ರೀಡಾ ನಿರ್ದೇಶಕರಿಗೆ ಒಂದು ಸಣ್ಣ ಆಸೆ ಹುಟ್ಟಿದ್ದು ಸಹಜ. ಆಟಗಾರ ಇನ್ನೊಂದು ವರ್ಷ ಉಳಿಯಬಹುದಿತ್ತು. 2024ರಲ್ಲಿ ಸರಕಾರ ಮರಳಿ ಮೂರು ವರ್ಷದ ಪದವಿಗೆ ಬಂದಿತು. ಈಗ ಪದವಿ ವಿದ್ಯಾರ್ಥಿ ಕಾಲೇಜಿಗೆ ಸಿಗುವುದು ಆರು ಸೆಮಿಸ್ಟರ್‌ಗಳ ಮಟ್ಟಿಗೆ ಮಾತ್ರ. ಸ್ನಾತಕೋತ್ತರ ಪದವಿಗೆ ಅಲ್ಲೇ ಉಳಿದವರು ಕೆಲವರು. ಅಂತರ ವಿಶ್ವವಿದ್ಯಾನಿಲಯ ಮಟ್ಟದಲ್ಲಿ ಆಡಲು 25 ವರ್ಷದ ವಯೋಮಿತಿಯೂ ಇದೆ.

ಇಪ್ಪತ್ತು ಮಂದಿಯ ತಂಡದಲ್ಲಿ ಪ್ರತಿ ವರ್ಷ ಆರೇಳು ಮಂದಿ ಹೊರಗೆ ಹೋಗುತ್ತಾರೆ. ಅವರೇ ತಂಡದ ಅತ್ಯಂತ ಅನುಭವಿಗಳು. ಅಷ್ಟೇ ಮಂದಿ ಹೊಸಬರು ಮಳೆಗಾಲದಲ್ಲಿ ಒಳಗೆ ಬರುತ್ತಾರೆ. ಪ್ರವೇಶ ಮುಗಿದು ತರಗತಿ ಆರಂಭವಾಗುವಾಗ ಮೈದಾನದಲ್ಲಿ ನೀರು ನಿಂತಿರುತ್ತದೆ. ಮಳೆ ಇಳಿಯುವ ಹೊತ್ತಿಗೆ ಆಂತರಿಕ ಪರೀಕ್ಷೆ. ಹಾಜರಾತಿಯ ಚಿಂತೆ ಬೇರೆ. ಇದೆಲ್ಲದರ ನಡುವೆ ತರಬೇತುದಾರನಿಗೆ ತಂಡವನ್ನು ಒಟ್ಟಿಗೆ ಆಡಿಸಲು ಸಿಗುವುದು ಕೆಲವೇ ವಾರಗಳು.

ಈ ಕೆಲವು ವಾರಗಳಲ್ಲಿ ಅವನು ಏನು ಕಲಿಸಬಲ್ಲ? ಯಾರು ಎಲ್ಲಿ ನಿಲ್ಲಬೇಕು, ಕಾರ್ನರ್ ಕಿಕ್ ಬಂದಾಗ ಯಾರು ಯಾರನ್ನು ಕಾಯಬೇಕು, ಎದುರಾಳಿ ಒತ್ತಡ ಹಾಕಿದಾಗ ಚೆಂಡನ್ನು ಹೇಗೆ ಹೊರಗೆ ತರಬೇಕು, ಇಷ್ಟನ್ನು ಕಲಿಸಬಹುದು. ಎಡಗಾಲಿನಲ್ಲಿ ಚೆಂಡನ್ನು ಹಿಡಿದು ನಿಲ್ಲಿಸುವುದನ್ನು, ಚೆಂಡು ಬರುವ ಮೊದಲೇ ತಲೆ ಎತ್ತಿ ನೋಡುವ ಅಭ್ಯಾಸವನ್ನು 18 ವರ್ಷದ ಹುಡುಗನಿಗೆ ಕೆಲವು ವಾರಗಳಲ್ಲಿ ಕಲಿಸಲು ಬರುವುದಿಲ್ಲ. ಅದು ಎಂಟರಿಂದ ಹದಿನಾಲ್ಕು ವರ್ಷದೊಳಗೆ ಮೈಗೆ ಹತ್ತಬೇಕಾದ ವಿದ್ಯೆ. ತುಳುವಿನಲ್ಲೋ ಕೊಂಕಣಿಯಲ್ಲೋ ಮಾತು ಕಲಿತ ಹಾಗೆ.

ಮಂಗಳೂರಿನ ಕಾಲೇಜುಗಳಲ್ಲಿ ಕಾಸರಗೋಡು, ಕಣ್ಣೂರು ಕಡೆಯ ವಿದ್ಯಾರ್ಥಿಗಳು ಬಹಳ. ಅಲ್ಲಿನ ಹುಡುಗರಿಗೆ ಫುಟ್ಬಾಲ್ ಸುಲಭವಾಗಿ ಒಲಿಯುತ್ತದೆ ಎಂದು ನಾವು ಹೇಳುತ್ತೇವೆ. ಅದರಲ್ಲಿ ಪವಾಡವೇನಿಲ್ಲ. ಮಲಬಾರಿನ ಊರೂರುಗಳಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ‘ಸೆವೆನ್ಸ್’ ನಡೆಯುತ್ತದೆ, ಒಂದು ಬದಿಗೆ ಏಳೇ ಮಂದಿ. ಮಂದಿ ಕಡಿಮೆ ಇದ್ದಷ್ಟೂ ಒಬ್ಬೊಬ್ಬನ ಕಾಲಿಗೆ ಚೆಂಡು ಹೆಚ್ಚು ಸಲ ತಾಗುತ್ತದೆ. ಕಾಸರಗೋಡು ಜಿಲ್ಲೆಯ ತೃಕ್ಕರಿಪುರದಿಂದ ಬಂದ ಮೊಹಮ್ಮದ್ ರಫಿ ಭಾರತ ತಂಡದವರೆಗೆ ಹೋದುದು ಅಂತಹ ಮಣ್ಣಿನಿಂದ. ಅಲ್ಲಿಂದ ಬರುವ ಹುಡುಗನಿಗೆ ಕಾಲೇಜು ಮೇಲಿನ ಕುಸುರಿಯನ್ನಷ್ಟೇ ಮಾಡಬೇಕು.

ಒಂದು ಪಂದ್ಯದ ಋತು

ಇನ್ನೊಂದು ತೊಡಕು ಪಂದ್ಯಾವಳಿಯ ಕ್ರಮದಲ್ಲಿದೆ. ಅಂತರ ಕಾಲೇಜು ಪಂದ್ಯಗಳನ್ನು ಹೆಚ್ಚಾಗಿ ಸೋತವರು ಹೊರಗೆ ಎಂಬ ನಾಕೌಟ್ ಕ್ರಮದಲ್ಲಿ ಎರಡು ಮೂರು ದಿನಗಳಲ್ಲಿ ಮುಗಿಸಲಾಗುತ್ತದೆ. ಲೆಕ್ಕ ಹಾಕಿ ನೋಡಿ. ಹದಿನಾರು ತಂಡಗಳಿದ್ದರೆ ಒಟ್ಟು ಹದಿನೈದು ಪಂದ್ಯಗಳು. ಎಂಟು ತಂಡಗಳು ಒಂದೇ ಪಂದ್ಯ ಆಡಿ ಬಸ್ ಹತ್ತುತ್ತವೆ. ಕಪ್ ಗೆದ್ದ ತಂಡ ಕೂಡ ಆಡುವುದು ನಾಲ್ಕೇ ಪಂದ್ಯ. ಅದೇ ಹದಿನಾರು ತಂಡಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ ಲೀಗ್ ಆಡಿಸಿದರೆ ಗುಂಪು ಹಂತದಲ್ಲೇ ಇಪ್ಪತ್ತನಾಲ್ಕು ಪಂದ್ಯಗಳಾಗುತ್ತವೆ. ಅತಿ ದುರ್ಬಲ ತಂಡಕ್ಕೂ ಮೂರು ಪಂದ್ಯ ಸಿಗುತ್ತದೆ.

ವರ್ಷವಿಡೀ ಬೆಳಗ್ಗೆ ಆರಕ್ಕೆ ಎದ್ದು ಓಡಿದ ಹುಡುಗನಿಗೆ ವರ್ಷದ ಫಲ ಒಂದೇ ಪಂದ್ಯವಾದರೆ, ಅದರಲ್ಲಿಯೂ ಅವನು ಬದಲಿ ಆಟಗಾರನಾಗಿ ಹೊರಗೆ ಕುಳಿತರೆ, ಮರುವರ್ಷ ಅವನು ಬರುತ್ತಾನೆಯೇ? ನಾಕೌಟ್ ಕ್ರಮ ಬಲ್ಲವರನ್ನು ಆರಿಸುತ್ತದೆ, ಕಲಿಯುವವರನ್ನು ಮನೆಗೆ ಕಳುಹಿಸುತ್ತದೆ. ಫುಟ್ಬಾಲ್ ಬೇರೂರಿದ ಊರಿನವರಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಅವರಿಗೆ ಊರಿನಲ್ಲಿ ಬೇರೆ ಪಂದ್ಯಗಳಿವೆ. ಬೇರಿಲ್ಲದ ಊರಿನವರಿಗೆ ಅದೊಂದೇ ಬಾಗಿಲು. ಅಂತಹ ಊರುಗಳು ಹೇಗಿರುತ್ತವೆ ಎಂದು ನೋಡಲು ಈಗ ಘಟ್ಟ ಹತ್ತೋಣ.

ನನ್ನಿವಾಳದಿಂದ ನೋಡಿದರೆ

ಚಿತ್ರದುರ್ಗ ಜಿಲ್ಲೆ ನಮಗೆ ಅಪರಿಚಿತವಲ್ಲ. ಅದು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಆ ಧರ್ಮಪ್ರಾಂತ್ಯದ ಬಿಷಪರಾಗಿದ್ದ ಅ. ವಂ. ಡಾ. ಜೆರಾಲ್ಡ್ ಲೋಬೊ ಅವರೇ 2012ರಲ್ಲಿ ಹೊಸ ಉಡುಪಿ ಧರ್ಮಪ್ರಾಂತ್ಯದ ಮೊದಲ ಬಿಷಪರಾಗಿ ಬಂದರು. ಕರಾವಳಿಯ ಮನೆಗಳಿಂದ ಹೋದ ಗುರುಗಳೂ ಧರ್ಮಭಗಿನಿಯರೂ ಆ ಬಯಲುಸೀಮೆಯಲ್ಲಿ ದುಡಿದಿದ್ದಾರೆ.

ನನ್ನಿವಾಳ ಮ್ಯಾಸ ನಾಯಕರ ಕಟ್ಟೆಮನೆಗಳಲ್ಲಿ ಒಂದೆಂದು ಹೆಸರಾದ ಊರು. ದೇವರ ಎತ್ತುಗಳನ್ನು ಮಕ್ಕಳಂತೆ ಸಾಕುವ ಪಶುಪಾಲಕರ ನಾಡು ಇದು. ಸುತ್ತ ಶೇಂಗಾ ಬೆಳೆಯುವ ಕೆಂಪು ನೆಲ, ಕಾವಲುಗಳೆಂದು ಕರೆಯುವ ಹುಲ್ಲುಗಾವಲುಗಳು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ ಚಳ್ಳಕೆರೆಯಲ್ಲಿ ಅದು 500 ಮಿಲಿಮೀಟರಿನ ಆಸುಪಾಸು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಅದೂ ಒಂದು. ಪಕ್ಕದ ಮೊಳಕಾಲ್ಮೂರು ರೇಷ್ಮೆ ಸೀರೆಗೂ ಬ್ರಹ್ಮಗಿರಿಯ ಅಶೋಕನ ಶಾಸನಕ್ಕೂ ಹೆಸರಾದದ್ದು.

ಈ ಊರಿನ ಹುಡುಗ ಪದವಿಗೆ ಸೇರಿದರೆ ಅವನು ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬರುತ್ತಾನೆ. 2009ರಲ್ಲಿ ಆರಂಭವಾದ ಈ ವಿಶ್ವವಿದ್ಯಾನಿಲಯಕ್ಕೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳು ಸೇರಿವೆ. ಅದಕ್ಕೆ ಮೊದಲು ಇವು ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ದಾವಣಗೆರೆಯ ತಂಡ ಹೊರಗೆ ಆಡಲು ಹೋದರೆ ಅದೂ ದಕ್ಷಿಣ ವಲಯಕ್ಕೇ ಹೋಗಬೇಕು. ಕಲ್ಲಿಕೋಟೆಯ ಹುಡುಗ ಮತ್ತು ಚಳ್ಳಕೆರೆಯ ಹುಡುಗ ಅಲ್ಲಿ ಒಂದೇ ಸೀಟಿಗೆ ಓಡಲು ಆರಂಭಿಸುತ್ತಾರೆ. ಆದರೆ ಒಬ್ಬನು ಹತ್ತು ವರ್ಷಗಳಿಂದ ಓಡುತ್ತಿದ್ದಾನೆ.

ಬಯಲುಸೀಮೆಯ ಹಳ್ಳಿ ಶಾಲೆಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್ ಬೆಳೆದದ್ದಕ್ಕೆ ಸರಳ ಕಾರಣವಿದೆ. ಕಬಡ್ಡಿಗೆ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗ ಸಾಕು. ಚೆಂಡೂ ಬೇಡ. ವಾಲಿಬಾಲಿಗೆ ಹದಿನೆಂಟಕ್ಕೆ ಒಂಬತ್ತು ಮೀಟರ್, ಒಂದು ಬಲೆ, ಒಂದು ಚೆಂಡು. ಪೂರ್ಣ ಫುಟ್ಬಾಲ್ ಮೈದಾನಕ್ಕೆ ಉದ್ದವೇ ಕನಿಷ್ಠ ತೊಂಬತ್ತು ಮೀಟರ್ ಬೇಕು. ಅದು ಸಮತಟ್ಟಾಗಿರಬೇಕು, ಕಲ್ಲಿರಬಾರದು. ಗೊರಚು ನೆಲದಲ್ಲಿ ಬಿದ್ದರೆ ಮೊಣಕಾಲಿನ ಚರ್ಮ ಕಿತ್ತು ಬರುತ್ತದೆ, ಚೆಂಡು ನೆಟ್ಟಗೆ ಉರುಳುವುದಿಲ್ಲ. ಎಲ್ಲಿ ಪುಟಿಯುತ್ತದೆಂದು ತಿಳಿಯದ ಚೆಂಡಿನಲ್ಲಿ ಪಾಸ್ ಕೊಡುವುದನ್ನು ಕಲಿಯುವುದು ಕಷ್ಟ. ಹುಡುಗರು ಸಹಜವಾಗಿಯೇ ಚೆಂಡನ್ನು ಎತ್ತಿ ಒದ್ದು ಹಿಂದೆ ಓಡುವ ಆಟಕ್ಕೆ ಇಳಿಯುತ್ತಾರೆ.

ಕುರಿ, ದನ ಕಾಯುತ್ತ ಬೆಳೆದ ಹುಡುಗರು ಹುಟ್ಟು ಓಟಗಾರರು, ಅವರಿಗೆ ಒಂದು ಚೆಂಡು ಕೊಟ್ಟರೆ ಸಾಕು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಕೇಳಲು ಚೆಂದ, ಆದರೆ ನಿಜವಲ್ಲ. ಓಡುವ ಶಕ್ತಿ ಬೇರೆ, ಚೆಂಡಿನೊಂದಿಗೆ ಓಡುವ ವಿದ್ಯೆ ಬೇರೆ. ಶಕ್ತಿ ಅವನಲ್ಲಿ ಇದ್ದರೂ ವಿದ್ಯೆ ಕಲಿಸುವವರು ಬೇಕು. ಅಲ್ಲದೆ ಶೇಂಗಾ ಕೀಳುವ ಹೊತ್ತಿಗೆ ಅವನು ಹೊಲದಲ್ಲಿ ಬೇಕಾದವನು. ಸಂಜೆ ಅಭ್ಯಾಸಕ್ಕೆ ನಿಂತರೆ ಊರಿನ ಕೊನೆಯ ಬಸ್ ತಪ್ಪುತ್ತದೆ. ಪಂದ್ಯಕ್ಕೆ ಹೋಗುವುದೆಂದರೆ ಚಳ್ಳಕೆರೆಗೆ ಬಂದು, ಅಲ್ಲಿಂದ ಚಿತ್ರದುರ್ಗ, ಅಲ್ಲಿಂದ ದಾವಣಗೆರೆ. ಅಷ್ಟು ದೂರ ಹೋಗಿ ಒಂದೇ ಪಂದ್ಯ ಆಡಿ ಸೋತು ಬರುವುದಾದರೆ ಮನೆಯವರು ಎಷ್ಟು ಸಲ ಕಳುಹಿಸುತ್ತಾರೆ?

ಆದರೂ ನನ್ನಿವಾಳದ ಕಡೆಗೆ ಕರಾವಳಿಗಿಲ್ಲದ ಒಂದು ಅನುಕೂಲವಿದೆ. ಅಲ್ಲಿ ಮಳೆಯಿಂದ ಆಟ ನಿಲ್ಲುವ ದಿನಗಳು ಬಹಳ ಕಡಿಮೆ. ನಮ್ಮ ಹುಡುಗರು ಜೂನ್, ಜುಲೈ, ಆಗಸ್ಟ್‌ನಲ್ಲಿ ಜಗಲಿಯಲ್ಲಿ ಕುಳಿತಿರುವಾಗ ಅಲ್ಲಿನವರು ಬೆಳಗ್ಗೆ ಸಂಜೆಯ ತಂಪಿನಲ್ಲಿ ಆಡಬಹುದು. ಜಾಗವೂ ಒಂದು ಕಾಲಕ್ಕೆ ಧಾರಾಳವಾಗಿತ್ತು. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಚಳ್ಳಕೆರೆ ತಾಲೂಕಿನ ಅಮೃತ ಮಹಲ್ ಕಾವಲುಗಳ ಸಾವಿರಾರು ಎಕರೆಗಳು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿವೆ. ದೇಶಕ್ಕೆ ಅವು ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯು ಕುದಾಪುರದಲ್ಲಿರುವ ತನ್ನ ಆವರಣದಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಿರುವುದು ಒಳ್ಳೆಯ ಕೆಲಸವೇ. ಆದರೆ ದನ ಮೇಯುತ್ತಿದ್ದ, ಮಕ್ಕಳು ಓಡಾಡುತ್ತಿದ್ದ ತೆರೆದ ನೆಲಕ್ಕೆ ಬೇಲಿ ಬಿದ್ದಾಗ ಊರಿನ ಬಳಿ ಉಳಿಯುವ ಶಾಲಾ ಮೈದಾನದ ಬೆಲೆ ಹೆಚ್ಚುತ್ತದೆ. ವಿಜ್ಞಾನ ಶಿಕ್ಷಕರಿಗೆ ಬೇಕೆಂದು ಕಂಡ ತರಬೇತಿ ದೈಹಿಕ ಶಿಕ್ಷಣ ಶಿಕ್ಷಕರಿಗೂ ಬೇಕೆಂದು ಕಾಣಬೇಕಾಗಿದೆ.

ಚರ್ಚ್ ಅಂಗಳದಿಂದ ಹುಟ್ಟಿದ ತಂಡಗಳು

ಇದಕ್ಕೂ ಧರ್ಮಸಭೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಹಳೆಯದು. 1908ರ ಸುಮಾರಿಗೆ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಬಡ ಹುಡುಗರ ಒಂದು ಗುಂಪು ಬೀದಿಯಲ್ಲಿ ಫುಟ್ಬಾಲ್ ಆಡುತ್ತಿತ್ತು. ಒಬ್ಬ ಹುಡುಗ ಟ್ರಾಮ್‌ಗೆ ಸಿಕ್ಕಿ ಸಾಯುವುದರಿಂದ ಸ್ವಲ್ಪದರಲ್ಲಿ ಪಾರಾದ. ಅದನ್ನು ಕಂಡ ಸಲೇಸಿಯನ್ ಗುರು ಲೊರೆನ್ಸೊ ಮಾಸ್ಸಾ ತನ್ನ ಚರ್ಚ್ ಹಿತ್ತಲನ್ನು ಆ ಹುಡುಗರಿಗೆ ಬಿಟ್ಟುಕೊಟ್ಟರು. ಷರತ್ತು ಒಂದೇ, ಭಾನುವಾರ ಪೂಜೆಗೆ ಬರಬೇಕು. ಆ ಹಿತ್ತಲಿನಿಂದ ಹುಟ್ಟಿದ್ದು ಸಾನ್ ಲೊರೆನ್ಸೊ ಕ್ಲಬ್. 2025ರ ಏಪ್ರಿಲ್‌ನಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸ್ ಬಾಲ್ಯದಿಂದ ಕೊನೆಯವರೆಗೂ ಅದೇ ಕ್ಲಬ್ಬಿನ ಅಭಿಮಾನಿಯಾಗಿದ್ದರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1887ರಲ್ಲಿ ಮಾರಿಸ್ಟ್ ಸಭೆಯ ಬ್ರದರ್ ವಾಲ್ಫ್ರಿಡ್ ಸೆಲ್ಟಿಕ್ ಕ್ಲಬ್ಬನ್ನು ಆರಂಭಿಸಿದ್ದು ವಲಸೆ ಬಂದ ಬಡ ಕುಟುಂಬಗಳ ಮಕ್ಕಳಿಗೆ ಊಟಕ್ಕೆ ಹಣ ಕೂಡಿಸಲು.

ಈ ಇಬ್ಬರೂ ದೊಡ್ಡ ಕ್ರೀಡಾಂಗಣ ಕಟ್ಟಲು ಹೊರಟವರಲ್ಲ. ಒಬ್ಬರು ಇದ್ದ ಜಾಗದ ಗೇಟು ತೆರೆದರು, ಇನ್ನೊಬ್ಬರು ಹಸಿದ ಮಕ್ಕಳನ್ನು ನೋಡಿದರು. ಇಂದು ನಮ್ಮ ಅನೇಕ ಚರ್ಚ್ ಮತ್ತು ಶಾಲಾ ಮೈದಾನಗಳ ಗೇಟುಗಳಿಗೆ ಸಂಜೆ ಐದರ ಬಳಿಕ ಬೀಗ. ವಾಹನ ನಿಲ್ಲಿಸಲು ಇಂಟರ್‌ಲಾಕ್ ಹಾಸಿದ ಅಂಗಳಗಳೂ ಹೆಚ್ಚುತ್ತಿವೆ. ಕಿಟಕಿಯ ಗಾಜು ಒಡೆಯುತ್ತದೆ, ಜವಾಬ್ದಾರಿ ಯಾರದು ಎಂಬ ಪ್ರಶ್ನೆಗಳು ನ್ಯಾಯವಾದವೇ. ಆದರೆ ಬೀಗ ಹಾಕಿದ ಮೈದಾನದಿಂದ ಹತ್ತು ವರ್ಷಗಳ ಬಳಿಕ ಕಾಲೇಜಿಗೆ ಆಟಗಾರ ಬರುವುದಿಲ್ಲ.

ಆಟದಿಂದ ಅನ್ನ ಸಿಗುತ್ತದೆಯೇ?

ಹೆತ್ತವರು ಕೇಳುವ ಪ್ರಶ್ನೆಯೊಂದಿದೆ. ಆಡಿ ಏನು ಸಿಗುತ್ತದೆ? ಇದಕ್ಕೆ ಪ್ರಾಮಾಣಿಕವಾದ ಉತ್ತರ ಕೊಡಬೇಕು. ಕರ್ನಾಟಕ ತಂಡ 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಹಿಂದಿನ ಗೆಲುವು ಮೈಸೂರು ರಾಜ್ಯವೆಂಬ ಹೆಸರಿನಲ್ಲಿ, 1968-69ರ ಋತುವಿನಲ್ಲಿ. ನಡುವೆ 54 ವರ್ಷಗಳ ಅಂತರ. ಇಷ್ಟು ವರ್ಷವೂ ನಮ್ಮ ರಾಜ್ಯದ ಫುಟ್ಬಾಲ್ ಎಂದರೆ ಹೆಚ್ಚಾಗಿ ಬೆಂಗಳೂರಿನ ಫುಟ್ಬಾಲ್ ಆಗಿತ್ತು. ಒಂದೇ ನಗರವನ್ನು ನಂಬಿದ ರಾಜ್ಯಕ್ಕೆ ಕಾಯುವುದು ತಪ್ಪಲಿಲ್ಲ.

ವೃತ್ತಿ ಫುಟ್ಬಾಲ್‌ನ ಪರಿಸ್ಥಿತಿಯೂ ಭದ್ರವಲ್ಲ. ಇಂಡಿಯನ್ ಸೂಪರ್ ಲೀಗ್‌ನ 2025-26ರ ಋತುವನ್ನು 2025ರ ಜುಲೈಯಲ್ಲಿ ತಡೆಹಿಡಿದಾಗ ದೊಡ್ಡ ಕ್ಲಬ್ಬುಗಳ ಆಟಗಾರರೇ ಸಂಬಳದ ಚಿಂತೆಯಲ್ಲಿ ಬಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತ ತಂಡ ಮಡಗಾಂವ್‌ನಲ್ಲಿ ಸಿಂಗಾಪುರದ ಎದುರು 1-2ರಿಂದ ಸೋತು 2027ರ ಏಷ್ಯಾ ಕಪ್‌ನ ಅವಕಾಶ ಕಳೆದುಕೊಂಡಿತು. ಹೀಗಿರುವಾಗ ಹುಡುಗನಿಗೆ ‘ಓದು ಬಿಡು, ಆಡು’ ಎನ್ನುವುದು ಪಾಪದ ಕೆಲಸ. ಕಾಲೇಜು ಫುಟ್ಬಾಲ್‌ನ ಬೆಲೆ ಇರುವುದೇ ಇಲ್ಲಿ. ಅಲ್ಲಿ ಆಟದ ಜತೆಗೆ ಪದವಿ ಇದೆ. ಕ್ರೀಡಾ ಕೋಟಾದಲ್ಲಿ ಸೀಟು ಸಿಗುವ, ಶುಲ್ಕದಲ್ಲಿ ರಿಯಾಯಿತಿ ದೊರೆಯುವ ಸಾಧ್ಯತೆ ಇದೆ. ನನ್ನಿವಾಳದ ಹುಡುಗನಿಗೆ ಆಟ ಕಾಲೇಜಿನ ಬಾಗಿಲು ತೆರೆಯುವ ಕೀಲಿಕೈ ಆಗಬಹುದು. ಆದರೆ ಕೋಟಾಕ್ಕೆ ಬೇಕಾದ ಪ್ರಮಾಣಪತ್ರ ಸಿಗಬೇಕಾದರೆ ಅವನು ಪ್ರೌಢಶಾಲೆಯಲ್ಲಿ ಜಿಲ್ಲಾ ಮಟ್ಟದಲ್ಲಾದರೂ ಆಡಿರಬೇಕು. ಮಾತು ಮತ್ತೆ ಊರಿನ ಮೈದಾನಕ್ಕೇ ಬಂದು ನಿಲ್ಲುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2022-23ರ ಭಾರತೀಯ ಮಹಿಳಾ ಲೀಗ್‌ನ ಫೈನಲ್ ತಲುಪಿತು. ಮಹಿಳಾ ತಂಡಗಳ ಸಂಖ್ಯೆ ಕಡಿಮೆ ಇರುವುದರಿಂದ ಇಂದು ಚೆಂಡು ಹಿಡಿದ ಹುಡುಗಿಗೆ ಕಾಲೇಜು ತಂಡದಲ್ಲಿ ಸ್ಥಾನ ಸಿಗುವ ಅವಕಾಶ ಹುಡುಗನಿಗಿಂತ ಹೆಚ್ಚು. ನಮ್ಮ ಧರ್ಮಭಗಿನಿಯರು ನಡೆಸುವ ಶಾಲೆಗಳು ಇದನ್ನು ಗಮನಿಸಬೇಕು.

ಹಾಗಾದರೆ ಈ ಋತುವಿನಲ್ಲಿ ಏನನ್ನು ನಿರೀಕ್ಷಿಸಬಹುದು?

ನೇರವಾಗಿ ಹೇಳುವುದಾದರೆ, ಕರಾವಳಿಯ ಕಾಲೇಜುಗಳು ತಮ್ಮತಮ್ಮ ವಿಶ್ವವಿದ್ಯಾನಿಲಯದೊಳಗೆ ಚೆನ್ನಾಗಿಯೇ ಆಡುವ ನಿರೀಕ್ಷೆ ಇದೆ. ಮಂಗಳೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಗಳಲ್ಲಿ ಮೊದಲು ಹಿಂದೆ ಉಳಿಯುತ್ತಿದ್ದ ಕಾಲೇಜುಗಳಿಗೆ ಈಗ ದಾರಿ ಸ್ವಲ್ಪ ಸುಗಮ. ಅಲೋಶಿಯಸ್‌ನಂತಹ ಹೊಸ ವಿಶ್ವವಿದ್ಯಾನಿಲಯ ತಂಡಕ್ಕೆ ದಕ್ಷಿಣ ವಲಯದಲ್ಲಿ ಒಂದೆರಡು ಸುತ್ತು ದಾಟಿದರೂ ಅದನ್ನು ಒಳ್ಳೆಯ ಫಲಿತಾಂಶವೆಂದೇ ತಿಳಿಯಬೇಕು. ಮೊದಲ ವರ್ಷಗಳಲ್ಲೇ ಕೇರಳದ ತಂಡಗಳನ್ನು ಹಿಂದೆ ಹಾಕಬೇಕೆಂದು ಒತ್ತಾಯಿಸಿದರೆ ಅದರ ಪರಿಣಾಮ ಒಂದೇ: ಹೊರಗಿನಿಂದ ಸಿದ್ಧ ಆಟಗಾರರನ್ನು ತಂದು ತಂಡ ತುಂಬಿಸುವುದು. ಕಪ್ ಬರಬಹುದು, ನಮ್ಮ ಮಕ್ಕಳು ಬೇಲಿಯ ಹೊರಗೆ ನಿಂತು ನೋಡುತ್ತಾರೆ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕಾಲೇಜು ಹುಡುಗರಿಗೆ ಈ ಋತುವಿನಲ್ಲಿ ಕಪ್ಪಿನ ಮಾತು ಆಡುವುದು ಸುಳ್ಳು ಭರವಸೆ ಕೊಟ್ಟಂತೆ. ಅವರಿಗೆ ಈ ವರ್ಷ ಬೇಕಾದುದು ಹೆಚ್ಚು ಪಂದ್ಯಗಳು. ಇಂದು ಐದನೆಯ ತರಗತಿಯಲ್ಲಿರುವ ಮಗು ಪದವಿಗೆ ಬರಲು ಎಂಟು ವರ್ಷ ಇದೆ. ಇಂದು ಆರಂಭಿಸಿದರೆ ಆ ಮಗುವಿನ ಹೊತ್ತಿಗೆ ಒಂದು ತಂಡ ಸಿದ್ಧವಾಗುತ್ತದೆ.

ನಾವು ಮಾಡಬಹುದಾದುದು

ಇದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ. ಧರ್ಮಕೇಂದ್ರದ ಪಾಲನಾ ಪರಿಷತ್ತು ಮತ್ತು ಶಾಲಾ ಆಡಳಿತ ಮಂಡಳಿಗಳು ಮನಸ್ಸು ಮಾಡಿದರೆ ಈ ವರ್ಷವೇ ಕೆಲವು ಹೆಜ್ಜೆ ಇಡಬಹುದು.

ಮೊದಲನೆಯದು ಗೇಟು. ವಾರದಲ್ಲಿ ನಾಲ್ಕು ಸಂಜೆಯಾದರೂ ಮೈದಾನವನ್ನು ಊರಿನ ಎಲ್ಲ ಮಕ್ಕಳಿಗೆ, ಜಾತಿ ಮತ ನೋಡದೆ ತೆರೆದಿಡಬೇಕು. ಯುವ ಸಂಚಾಲನದ ಇಬ್ಬರು ಸದಸ್ಯರು ಸರದಿಯಲ್ಲಿ ನಿಂತರೆ ಜವಾಬ್ದಾರಿಯ ಪ್ರಶ್ನೆ ಅರ್ಧ ಬಗೆಹರಿಯುತ್ತದೆ.

ಎರಡನೆಯದು ಆಟದ ಗಾತ್ರ. ಪೂರ್ಣ ಮೈದಾನ ಇಲ್ಲವೆಂದು ಕೈಕಟ್ಟಿ ಕೂರುವುದು ಬೇಡ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಐದೈದು ಅಥವಾ ಏಳೇಳು ಮಂದಿಯ ಆಟವೇ ಒಳ್ಳೆಯದು. ವಾಲಿಬಾಲ್ ಅಂಕಣಕ್ಕಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ಕಲ್ಲು ಹೆಕ್ಕಿ, ನಾಲ್ಕು ಕಂಬ ನೆಟ್ಟರೆ ನನ್ನಿವಾಳದಂತಹ ಊರಿನಲ್ಲೂ ಅದು ಸಾಧ್ಯ.

ಮೂರನೆಯದು ಲೀಗ್. ಊರಹಬ್ಬದ ದಿನ ಒಂದೇ ದಿನದಲ್ಲಿ ಮುಗಿಯುವ ನಾಕೌಟ್ ಪಂದ್ಯಾವಳಿಗೆ ಟ್ರೋಫಿಗಳಿಗಾಗಿ ಖರ್ಚು ಮಾಡುವ ಹಣದಲ್ಲಿ, ನೆರೆಯ ಆರು ಶಾಲೆಗಳ ನಡುವೆ ಶನಿವಾರಗಳಲ್ಲಿ ಲೀಗ್ ನಡೆಸಬಹುದು. ಪ್ರತಿ ಶಾಲೆಗೂ ಐದು ಪಂದ್ಯ ಸಿಗುತ್ತದೆ. ಶಿವಮೊಗ್ಗ ಧರ್ಮಪ್ರಾಂತ್ಯದ ಬಯಲುಸೀಮೆಯ ಶಾಲೆಗಳು ಸರಕಾರಿ ಶಾಲೆಗಳನ್ನೂ ಸೇರಿಸಿಕೊಂಡರೆ ಬಸ್ಸಿನ ದೂರವೂ ಕಡಿಮೆಯಾಗುತ್ತದೆ.

ನಾಲ್ಕನೆಯದು ಕಲಿಸುವವರು. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಆರಂಭದ ಹಂತದ ತರಬೇತುದಾರರಿಗಾಗಿ ‘ಡಿ’ ಪ್ರಮಾಣಪತ್ರದ ಕೋರ್ಸ್ ನಡೆಸುತ್ತದೆ. ಪ್ರತಿ ವಲಯದಿಂದ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರನ್ನು ಕಳುಹಿಸುವ ಖರ್ಚನ್ನು ಹಳೆ ವಿದ್ಯಾರ್ಥಿ ಸಂಘಗಳು ವಹಿಸಬಹುದು. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರು ಜೆರ್ಸಿ ಕೊಡಿಸಲು ಸದಾ ಮುಂದೆ ಬರುತ್ತಾರೆ. ಜೆರ್ಸಿ ಎರಡು ವರ್ಷದಲ್ಲಿ ಹರಿಯುತ್ತದೆ, ತರಬೇತಿ ಪಡೆದ ಶಿಕ್ಷಕ ಇಪ್ಪತ್ತು ವರ್ಷ ಉಳಿಯುತ್ತಾನೆ.

ಕೊನೆಯದಾಗಿ ನಮ್ಮ ಕರಾವಳಿಯ ಕಾಲೇಜುಗಳಿಗೆ ಒಂದು ವಿನಂತಿ. ಬೇಸಿಗೆ ರಜೆಯಲ್ಲಿ ನಿಮ್ಮ ತಂಡದ ಐದಾರು ಹುಡುಗರನ್ನು ಹದಿನೈದು ದಿನಗಳ ಮಟ್ಟಿಗೆ ಬಯಲುಸೀಮೆಯ ಒಂದು ಶಾಲೆಗೆ ಕಳುಹಿಸಿ. ಅಲ್ಲಿನ ಮಕ್ಕಳಿಗೆ ಅವರು ಕಲಿಸಲಿ, ಅಲ್ಲಿನ ನೆಲದ ಬಿಸಿಯನ್ನು ಅವರೂ ತಿಳಿಯಲಿ. ಕೆಲವು ವರ್ಷಗಳ ಬಳಿಕ ಅಲ್ಲಿನ ಒಬ್ಬ ಹುಡುಗ ಪ್ರವೇಶ ಅರ್ಜಿ ಹಿಡಿದು ನಿಮ್ಮ ಕಚೇರಿಯ ಬಾಗಿಲಿಗೆ ಬಂದರೆ ಅವನನ್ನು ಗುರುತಿಸುವವರು ನಿಮ್ಮಲ್ಲಿ ಇರುತ್ತಾರೆ.

ಚರ್ಚ್ ಅಂಗಳದ ಆ ಪ್ರಶ್ನೆಗೆ, ಈ ಸಲ ನಮ್ಮ ತಂಡ ಹೇಗಿದೆ ಎಂಬುದಕ್ಕೆ, ಉತ್ತರ ಹುಡುಕುವಾಗ ಒಮ್ಮೆ ತಲೆ ಎತ್ತಿ ಅದೇ ಅಂಗಳದ ಸುತ್ತ ನೋಡೋಣ. ಅಲ್ಲಿ ಮಕ್ಕಳು ಆಡುತ್ತಿದ್ದಾರೆಯೇ, ಇಲ್ಲ ಗೇಟಿಗೆ ಬೀಗ ಬಿದ್ದಿದೆಯೇ? ಎಂಟು ವರ್ಷಗಳ ಮುಂದಿನ ಋತುವಿನ ಫಲಿತಾಂಶ ಅಲ್ಲೇ ಕಾಣಿಸುತ್ತದೆ. ಆಡಲಿರುವ ಎಲ್ಲ ಹುಡುಗ ಹುಡುಗಿಯರಿಗೂ ಶುಭವಾಗಲಿ.